ಮೈಕ್‌ಸೆಟ್ ಕಾಲಂನ ಮನೆ ಸ್ಟೀರಿಯೋಗೆ ಹೊಂದಿಸಿದ್ದು

ಮೈಕ್‌ಸೆಟ್‌ನವರ ಹತ್ರ ಉದ್ದಕ್ಕೆ ತೆಳ್ಳಗೆ ಇರೋ ಪೆಟ್ಟಿಗೆ ಇರುತ್ತಲ್ಲ, ಕಾಲಂ ಅಂತಾರೆ, ದೇವಸ್ಥಾನದ ಕಂಬಕ್ಕೆ, ಸ್ಕೂಲ್ ಹಾಲಿಗೆ, ಚರ್ಚಿನ ಗೋಡೆಗೆ ಹಾಕಿರ್ತಾರಲ್ಲ ಅದೇ. ಅದನ್ನ ಮನೆ ಆಂಪ್ಲಿಫೈಯರ್‌ಗೆ ಹಾಕಿ ಹಾಡು ಕೇಳ್ಬೋದಾ ಅಂದ್ರೆ ಎಲ್ಲರೂ ಹೇಳೋದು ಒಂದೇ, ಆಗಲ್ಲ ಬಿಡಿ, ಅದು ಬರೀ ಮಾತಿಗೆ. ನಾನು ಒಂದು ಜೊತೆ ತಂದು ಮಾಡಿದೀನಿ, ಆಗುತ್ತೆ, ಅದ್ರಲ್ಲೂ ಗಾಯನ ಕೇಳೋಕೆ ನಮ್ಮನೇಲಿ ಇಲ್ಲೀವರೆಗೆ ಇದ್ದ ಯಾವ ಸ್ಪೀಕರ್‌ಗಿಂತಲೂ ಇದೇ ಚೆನ್ನಾಗಿದೆ. ಏನೇನು ಬಿಚ್ಚಿದೆ, ಏನೇನು ಹಾಕಿದೆ, ಯಾಕೆ ಅಂತ ವಿವರವಾಗಿ ಬರೀತೀನಿ, ಗೋಡೌನ್‌ಗಳಲ್ಲಿ ಇವು ಸುಮ್ನೆ ಕೊಳೀತಾ ಇರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ನಂಗೆ ಸಿಕ್ಕಿದ್ದು ನಮ್ಮೂರ ಶಾಮಿಯಾನದ ಅಂಗಡೀಲಿ. ಅವರೀಗ ಆಂಪ್ಲಿಫೈಯರ್ ಒಳಗೇ ಇರೋ ಪ್ಲಾಸ್ಟಿಕ್ ಬಾಕ್ಸ್‌ಗಳಿಗೆ ಹೋಗಿದಾರೆ, ಹಳೇ ಕಾಲಂಗಳೆಲ್ಲ ಜಮಖಾನದ ರಾಶಿ ಹಿಂದೆ ಬಿದ್ದಿದ್ವು. "ಅಣ್ಣ, ಇವೆರಡು ಕೊಡ್ತೀರಾ, ಮನೇಲಿ ಹಾಡು ಕೇಳೋಕೆ" ಅಂದೆ. "ಇದ್ರಲ್ಲಿ ಬೇಸೇ ಬರಲ್ಲ ಕಣೋ, ತಗೊಂಡೋಗಿ ಏನ್ ಮಾಡ್ತೀಯ" ಅಂದ್ರು, ಆಮೇಲೆ ಗುಜರಿ ರೇಟಿಗೆ ಕೊಟ್ರು. ಬೇಸ್ ಬರಲ್ಲ ಅಂತ ಅವರು ಹೇಳಿದ್ದು ನೂರಕ್ಕೆ ನೂರು ನಿಜ, ಅದರ ವಿಷಯ ಮುಂದೆ ಇದೆ.

ಬಾಕ್ಸ್ ಪ್ಲೈವುಡ್‌ದು, ಸುಮಾರು 55 ಸೆಂಟಿಮೀಟರ್ ಎತ್ತರ, 15 ಅಗಲ. ಮುಂದೆ ಬಟ್ಟೆ, ಒಳಗೆ 4 ಇಂಚಿನ ನಾಲ್ಕು ಸ್ಪೀಕರ್ ಒಂದರ ಮೇಲೊಂದು. ಹಿಂದೆ ಒಂದು ತಿರುಗಿಸೋ ನಾಬ್, ಅದರ ಮೇಲೆ 20, 10, 5 ವಾಟ್ ಅಂತ ಬರ್ದಿದೆ. ಈ ನಾಬ್ ಇದ್ರೆ ಒಳಗೆ ಲೈನ್ ಟ್ರಾನ್ಸ್‌ಫಾರ್ಮರ್ ಇದೆ ಅಂತಾನೇ ಅರ್ಥ. ಇದನ್ನ ಸರಿಯಾಗಿ ತಿಳ್ಕೊಂಡ್ರೆ ಅರ್ಧ ಕೆಲಸ ಮುಗೀತು.

ಜಾತ್ರೆಯಲ್ಲೋ ರೈಲ್ವೆ ಸ್ಟೇಷನ್‌ನಲ್ಲೋ ಒಂದೇ ಆಂಪ್ಲಿಫೈಯರ್‌ನಿಂದ ನೂರಾರು ಮೀಟರ್ ತೆಳು ವೈರ್ ಎಳೆದು ಹತ್ತಾರು ಬಾಕ್ಸ್ ಹಾಕ್ಬೇಕು. 8 ಓಮ್ ಸ್ಪೀಕರ್‌ನ ಹಾಗೇ ಹಾಕಿದ್ರೆ ಕರೆಂಟ್ ಜಾಸ್ತಿ ಹರಿದು ಪವರ್ ಎಲ್ಲಾ ವೈರ್‌ನಲ್ಲೇ ಹೋಗುತ್ತೆ. ಅದಕ್ಕೆ ಊರಿಗೆ ಹೈಟೆನ್ಷನ್ ಲೈನ್‌ನಲ್ಲಿ ಕರೆಂಟ್ ತಂದು ಟಿಸಿ, ಅಂದ್ರೆ ಬೀದಿ ಟ್ರಾನ್ಸ್‌ಫಾರ್ಮರ್ ಹತ್ರ ಇಳಿಸ್ತಾರಲ್ಲ ಹಂಗೆ, ಆಂಪ್ಲಿಫೈಯರ್ ಪೂರ್ತಿ ಪವರ್‌ನಲ್ಲಿ 100 ವೋಲ್ಟ್ ಕೊಡುತ್ತೆ, ಪ್ರತಿ ಬಾಕ್ಸ್‌ನಲ್ಲೂ ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟು ಇಳಿಸ್ಕೋತಾರೆ. ಲೆಕ್ಕ ಸುಲಭ, ವೋಲ್ಟೇಜ್‌ನ ವರ್ಗಾನ ವಾಟ್‌ನಿಂದ ಭಾಗಿಸಿ. 20 ವಾಟ್ ಟ್ಯಾಪ್, ಅಂದ್ರೆ ನಾಬ್ 20ಕ್ಕೆ ಇಟ್ಟಾಗ, 10,000 ಭಾಗಿಸು 20, ಅಂದ್ರೆ 500 ಓಮ್. 10 ವಾಟ್ ಟ್ಯಾಪ್ ಆದ್ರೆ 1000 ಓಮ್, 5 ವಾಟ್ ಆದ್ರೆ 2000.

ಈಗ ಮನೆ ಆಂಪ್ಲಿಫೈಯರ್ ತಗೊಳ್ಳಿ. 8 ಓಮ್‌ಗೆ 30 ವಾಟ್ ಕೊಡೋದು ಅಂದ್ರೆ ಅದರ ಔಟ್‌ಪುಟ್ ಪೂರ್ತಿ ಇಟ್ರೂ 15.5 ವೋಲ್ಟ್ ಆಗುತ್ತೆ ಅಷ್ಟೇ. 15.5 ವೋಲ್ಟ್‌ನ 500 ಓಮ್‌ಗೆ ಹಾಕಿದ್ರೆ ಹೋಗೋದು ಬರೀ ಅರ್ಧ ವಾಟ್! ಕಾಲಂ ತಂದು ಹಾಗೇ ಸಿಕ್ಕಿಸಿ "ಸೌಂಡೇ ಇಲ್ಲ, ಸ್ಪೀಕರ್ ಹೋಗಿದೆ" ಅಂತ ಬಿಸಾಕೋರು ಇಲ್ಲೇ ಸೋಲೋದು. ಸ್ಪೀಕರ್‌ಗೆ ಏನೂ ಆಗಿರಲ್ಲ, ಮಧ್ಯೆ ಎಂಟಕ್ಕೆ ಒಂದು ಇಳಿಸೋ ಟ್ರಾನ್ಸ್‌ಫಾರ್ಮರ್ ಕೂತಿರುತ್ತೆ. ಹಂಗಾದ್ರೆ ಮೈಕ್‌ಸೆಟ್ ಆಂಪ್ಲಿಫೈಯರ್‌ನೇ ತಂದು 100 ವೋಲ್ಟ್ ಲೈನ್‌ನಲ್ಲೇ ಓಡಿಸ್ಬೋದಲ್ಲ ಅಂತ ಕೇಳ್ತಾರೆ. ಓಡುತ್ತೆ, ಆದ್ರೆ ಈ ಟ್ರಾನ್ಸ್‌ಫಾರ್ಮರ್‌ಗಳ ಕೋರ್, ಅಂದ್ರೆ ಒಳಗಿನ ಕಬ್ಬಿಣ, ತುಂಬಾ ಚಿಕ್ಕದು, ಜೋರಾಗಿ ಇಟ್ಟಾಗ ಕೆಳಗಿನ ಫ್ರೀಕ್ವೆನ್ಸಿಗೆ ಕೋರ್ ಸ್ಯಾಚುರೇಟ್ ಆಗಿ, ಅಂದ್ರೆ ಅದರ ಕಾಂತತೆ ತುಂಬಿಹೋಗಿ, ದನಿ ಒಡೆಯುತ್ತೆ, ಜೊತೆಗೆ ಆ ಆಂಪ್ಲಿಫೈಯರ್ ಸಾಮಾನ್ಯವಾಗಿ ಮೋನೋ. ಮನೆಗೆ ಬೇಕಾಗಿರೋದು ಟ್ರಾನ್ಸ್‌ಫಾರ್ಮರ್ ತೆಗೆಯೋದೇ.

ಹಿಂದಿನ ಹಲಗೆ ಸ್ಕ್ರೂ ತುಕ್ಕು ಹಿಡಿದು ಕೂತಿದ್ವು, ಒಂದು ರಾತ್ರಿ ಎಣ್ಣೆ ಬಿಟ್ಟು ಬೆಳಿಗ್ಗೆ ತೆಗೆದೆ. ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಅದೂ ಒಂದು ಸ್ಪೀಕರ್‌ನ ಮ್ಯಾಗ್ನೆಟ್ ಮೇಲೇ. ಮೆಲ್ಲಗೆ ಕೆರೆದು ಬ್ರಷ್ ಹೊಡೆದೆ, ಗಾಳಿ ಊದೋ ಮಷೀನ್ ಮಾತ್ರ ಹಿಡೀಬೇಡಿ, ಮಣ್ಣಿನ ಪುಡಿ ಕಾಯಿಲ್ ಸಂದಿಗೆ ಹೋಗಿ ಕೂತ್ಕೊಂಡ್ರೆ ಕರಕರ ಶುರುವಾಗುತ್ತೆ. ಕೋನ್ ಎಲ್ಲಾ ಪೇಪರ್‌ದು, ಅಂಚು ಕೂಡ ಪೇಪರ್‌ದೇ, ಅದಕ್ಕೇ ಇಷ್ಟು ವರ್ಷ ಬಿಸಿಲು ಧೂಳು ತಿಂದ್ರೂ ಗಟ್ಟಿಯಾಗಿದೆ. ಮನೆ ಸ್ಪೀಕರ್‌ಗಳಲ್ಲಿ ಹಾಕೋ ಫೋಮ್ ಅಂಚಾಗಿದ್ರೆ ಪುಡಿಪುಡಿಯಾಗಿ ಉದುರಿರ್ತಿತ್ತು.

ಟ್ರಾನ್ಸ್‌ಫಾರ್ಮರ್‌ಗೆ ಲೈನ್ ಕಡೆ ನಾಬ್‌ನಿಂದ ಹಲವು ವೈರ್ ಬರ್ತವೆ, ಸ್ಪೀಕರ್ ಕಡೆ ಎರಡೇ. ಆ ಎರಡನ್ನ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಒಂದು ಬಾಕ್ಸ್ 6.6 ಓಮ್ ತೋರಿಸ್ತು, ಸರಿ, 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಆರೂವರೆ ಆಸುಪಾಸು ಬರೋದು ಸಹಜ. ಇನ್ನೊಂದು ಬಾಕ್ಸ್ 13.2 ತೋರಿಸ್ತು. ಆ ಒಂದು ನಂಬರ್‌ನಲ್ಲೇ ಇಡೀ ಕಥೆ ಇದೆ ನೋಡಿ. ಒಳಗಿನ ಜೋಡಣೆ ಹೆಂಗಿದೆ ಅಂದ್ರೆ ಎರಡೆರಡು ಸ್ಪೀಕರ್ ಸೀರೀಸ್‌ನಲ್ಲಿ, ಆ ಎರಡು ಜೋಡಿ ಪ್ಯಾರಲಲ್‌ನಲ್ಲಿ. ಪ್ರತಿ ಸ್ಪೀಕರ್ 6.6, ಜೋಡಿ 13.2, ಎರಡು ಜೋಡಿ ಪ್ಯಾರಲಲ್ ಆದ್ರೆ ಮತ್ತೆ 6.6. ಒಂದು ಸ್ಪೀಕರ್ ಓಪನ್ ಆದ್ರೆ, ಅಂದ್ರೆ ಅದರೊಳಗೆ ಎಲ್ಲೋ ತಂತಿ ತುಂಡಾದ್ರೆ, ಅದರ ಜೊತೇಲಿ ಸೀರೀಸ್‌ನಲ್ಲಿರೋ ಒಳ್ಳೇದೂ ಸುಮ್ನಾಗುತ್ತೆ, ಉಳಿದ ಜೋಡಿ ಮಾತ್ರ ಓಡುತ್ತೆ, ಮೀಟರ್ 13.2. ಎರಡು ಸ್ಪೀಕರ್ ಸತ್ತಿವೆ ಅಂತ ಕಂಡ್ರೂ ಹೋಗಿರೋದು ಒಂದೇ ಇರ್ಬೋದು.

ಒಂದೊಂದೇ ಚೆಕ್ ಮಾಡಿದಾಗ ಮೇಲಿಂದ ಎರಡನೇದು ಓಪನ್. ಕಾಯಿಲ್ ಸುಟ್ಟಿರ್ಲಿಲ್ಲ, ಕೋನ್‌ನಿಂದ ಟರ್ಮಿನಲ್‌ಗೆ ಬರೋ ಹೆಣೆದ ತಂತಿ ಇರುತ್ತಲ್ಲ, ಅದು ಟರ್ಮಿನಲ್ ಹತ್ರ ತುಂಡಾಗಿತ್ತು. ಮಾಮೂಲಿ ವೈರ್ ಹಾಕಿ ಬೆಸುಗೆ ಹಾಕ್ಬೇಡಿ, ಕೋನ್ ಆಡ್ತಾ ಆಡ್ತಾ ಅದು ಬೇಗ ಮುರಿಯುತ್ತೆ. ಮೆತ್ತಗಿನ ಹೆಣೆದ ತಂತೀನೇ ಸ್ಪೀಕರ್ ರಿಪೇರಿ ಸಾಮಾನಿನ ಅಂಗಡೀಲಿ ಸಿಗುತ್ತೆ, ಬೆಂಗಳೂರಲ್ಲಿ ಎಸ್‌ಪಿ ರೋಡ್‌ನಲ್ಲಿ ಕೇಳಿದ್ರೆ ಕೊಡ್ತಾರೆ. ಸ್ವಲ್ಪ ಸಡಿಲ ಬಿಟ್ಟು ಬಿಲ್ಲಿನ ಥರ ಬಗ್ಗಿಸಿ ಬೆಸುಗೆ ಹಾಕಿದೆ, ಬೆಸುಗೆ ತಂತಿ ಒಳಗೆ ಜಾಸ್ತಿ ಹೀರ್ಕೊಳ್ಳದ ಹಾಗೆ ಬೇಗ ಮುಟ್ಟಿಸಿ ತೆಗೀಬೇಕು, ಹೀರ್ಕೊಂಡ್ರೆ ಆ ಜಾಗ ಗಟ್ಟಿಯಾಗಿ ಅಲ್ಲೇ ಮುರಿಯುತ್ತೆ. ಸ್ಪೀಕರ್ ಬದುಕ್ತು.

ಆಮೇಲೆ ಪ್ಲಸ್ ಮೈನಸ್. 1.5 ವೋಲ್ಟ್ ಶೆಲ್ ತಗೊಂಡು ಪ್ರತಿ ಸ್ಪೀಕರ್‌ಗೆ ಒಂದು ಕ್ಷಣ ಮುಟ್ಟಿಸಿ ನೋಡಿದೆ, ಶೆಲ್ಲಿನ ಪ್ಲಸ್ ಯಾವ ತುದೀಗೆ ಮುಟ್ಟಿಸಿದಾಗ ಕೋನ್ ಹೊರಗೆ ನುಗ್ಗುತ್ತೋ ಅದೇ ಪ್ಲಸ್. ಎಂಟರಲ್ಲಿ ಒಂದು ಉಲ್ಟಾ ಇತ್ತು, ಯಾವಾಗ್ಲೋ ಬದಲಾಯಿಸಿದ ಬೇರೆ ಮ್ಯಾಗ್ನೆಟ್‌ನ ಪೀಸ್ ಅದು. ನಾಲ್ಕರಲ್ಲಿ ಒಂದು ಉಲ್ಟಾ ಇದ್ರೆ ಅದು ಇನ್ನೊಂದರ ದನೀನ ತಿಂದುಹಾಕುತ್ತೆ, ನಾಲ್ಕು ಓಡಿದ್ರೂ ಎರಡರಷ್ಟೇ ಕೆಲಸ. ಹಳೇ ಕಾಲಂ ತಂದೋರು ಈ ಶೆಲ್ ಟೆಸ್ಟ್ ಮಾತ್ರ ಬಿಡಲೇಬೇಡಿ.

ಇಷ್ಟಾದ್ಮೇಲೆ ಟ್ರಾನ್ಸ್‌ಫಾರ್ಮರ್ ಇಲ್ದೆ ನೇರವಾಗಿ ಆಂಪ್ಲಿಫೈಯರ್‌ಗೆ ಹಾಕಿ ಕೇಳಿದೆ. ಸೌಂಡ್ ಧಾರಾಳವಾಗಿ ಬಂತು. ಮಾತು ಅಂತೂ ಪಕ್ಕದಲ್ಲೇ ಕೂತು ಆಡಿದ ಹಾಗೆ. ಆದ್ರೆ ಹಾಡಿಗೆ ಎರಡು ತಕರಾರು. ಒಂದು, ನಡು ಮೇಲಿನ ದನಿ ಗಟ್ಟಿ, ಲ್ಯಾಪ್‌ಟಾಪ್‌ಗೆ ಮೈಕ್ ಹಾಕಿ ಅಳೆದ್ರೆ 3-4 ಕಿಲೋಹರ್ಟ್ಸ್ ಹತ್ರ ಎದ್ದು ನಿಂತಿತ್ತು, 8ರ ಮೇಲೆ ಜಾರಿ ಬಿದ್ದಿತ್ತು. ಎರಡು, ಕೂತಾಗ ಒಂದು ಥರ, ಎದ್ದು ನಿಂತ್ರೆ ಇನ್ನೊಂದು ಥರ ಕೇಳ್ತಿತ್ತು.

ಈ ಎರಡನೇದು ಕಾಲಂನ ಹುಟ್ಟುಗುಣ, ದೋಷ ಅಂತ ಅನ್ಕೋಬೇಡಿ. ಸ್ಪೀಕರ್‌ಗಳನ್ನ ಉದ್ದಕ್ಕೆ ಜೋಡಿಸಿದ್ರೆ ದನಿ ಅಡ್ಡಕ್ಕೆ ಅಗಲವಾಗಿ ಹರಡುತ್ತೆ, ಮೇಲೆ ಕೆಳಗೆ ಕಡಿಮೆ ಹೋಗುತ್ತೆ. 55 ಸೆಂಟಿಮೀಟರ್ ಕಾಲಂ ಅಂದ್ರೆ ಸುಮಾರು 600 ಹರ್ಟ್ಸ್‌ನಿಂದ ಮೇಲೆ ಈ ಗುಣ ಶುರು, ಯಾಕಂದ್ರೆ ಅಲ್ಲಿ ದನಿಯ ಅಲೆಯ ಉದ್ದಾನೂ ಅಷ್ಟೇ ಇರುತ್ತೆ. ನಮ್ಮ ಮನೆ ಹಾಲ್‌ಗಳನ್ನ ನೆನೆಸ್ಕೊಳ್ಳಿ, ಕೆಳಗೆ ಟೈಲ್ಸೋ ಗ್ರಾನೈಟೋ ಕಾರ್ಪೆಟ್ ಇಲ್ಲ, ಮೇಲೆ ಬೋಳು ಆರ್‌ಸಿಸಿ ತಾರಸಿ, ಮಾಮೂಲಿ ಸ್ಪೀಕರ್ ಇಟ್ರೆ ದನಿ ನೆಲಕ್ಕೆ ಬಡಿದು ತಾರಸಿಗೆ ಬಡಿದು ಎಲ್ಲಾ ಕಲಸಿ ಕಿವಿಗೆ ಬರುತ್ತೆ. ಕಾಲಂ ಆ ಎರಡೂ ಕಡೆಗೆ ದನೀನ ಕಮ್ಮಿ ಕಳ್ಸುತ್ತೆ. ಕಲ್ಲಿನ ದೇವಸ್ಥಾನದಲ್ಲಿ, ಎತ್ತರದ ಚರ್ಚ್‌ನಲ್ಲಿ ಇದನ್ನ ಹಾಕೋದೇ ಈ ಕಾರಣಕ್ಕೆ, ದನಿ ಮಾರ್ದನಿಸೋ ಜಾಗದಲ್ಲೂ ಅಕ್ಷರ ಬಿಡಿಬಿಡಿಯಾಗಿ ಕೇಳಲಿ ಅಂತ. ಅದೇ ಉಪಕಾರ ನಮ್ಮ ಟೈಲ್ಸ್ ಹಾಲ್‌ಗೂ ಆಗುತ್ತೆ. ದುಡ್ಡು ಕೊಟ್ಟು ಗೋಡೆಗೆಲ್ಲ ಫೋಮ್ ಅಂಟಿಸೋಕೆ ಮುಂಚೆ ಒಂದು ಸಲ ಕಾಲಂ ಕೇಳಿ ನೋಡಿ ಅಂತ ನಾನು ಎಲ್ಲರಿಗೂ ಹೇಳೋದು.

ಆದ್ರೆ ತೀರಾ ಮೇಲಿನ ಫ್ರೀಕ್ವೆನ್ಸಿಗೆ ನಾಲ್ಕೂ ಸ್ಪೀಕರ್ ಒಟ್ಟಿಗೆ ಕೂಗಿದ್ರೆ ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರುತ್ತೆ, ತಲೆ ಸ್ವಲ್ಪ ಅಲ್ಲಾಡಿಸಿದ್ರೂ ದನಿ ಬದಲಾಗೋದು ಇದಕ್ಕೇ. ಅದಕ್ಕೆ ವೈರಿಂಗ್ ಬದಲಾಯಿಸಿದೆ. ನಡುವಿನ ಎರಡು ಸ್ಪೀಕರ್ ಒಂದು ಜೋಡಿ, ಮೇಲಿಂದು ಕೆಳಗಿಂದು ಸೇರಿ ಇನ್ನೊಂದು ಜೋಡಿ. ಈ ಹೊರಗಿನ ಜೋಡಿಗೆ ಸೀರೀಸ್‌ನಲ್ಲಿ 2.2 ಮಿಲಿಹೆನ್ರಿ ಕಾಯಿಲ್, ಇದು ಸ್ಪೀಕರ್ ಒಳಗಿನದಲ್ಲ, ಮೇಲಿನ ಫ್ರೀಕ್ವೆನ್ಸಿ ತಡೆಯೋಕೆ ಬೇರೆಯಾಗಿ ಹಾಕೋ ತಂತಿ ಸುರುಳಿ. 8 ಓಮ್‌ನ ಎರಡು ಸೇರಿ ಜೋಡಿ 16 ಓಮ್, ಹಂಗಾಗಿ ಸುಮಾರು 1150 ಹರ್ಟ್ಸ್‌ನಿಂದ ಮೇಲೆ ಹೊರಗಿನವು ಮೆಲ್ಲಗೆ ಹಿಂದೆ ಸರೀತವೆ, ಮೇಲಿನ ದನಿ ನಡುವಿನ ಎರಡರಿಂದ ಮಾತ್ರ. ಕೆಳಗಿನ ದನಿಗೆ ನಾಲ್ಕೂ ಕೆಲಸ ಮಾಡ್ತವೆ.

ಇದರಿಂದ ಇನ್ನೊಂದು ಲಾಭ ಇದೆ, ನಂಗೆ ಈ ಬಿಲ್ಡ್‌ನಲ್ಲಿ ತುಂಬಾ ಇಷ್ಟ ಆದ ಭಾಗ ಅದು. 15 ಸೆಂಟಿಮೀಟರ್ ಅಗಲದ ತೆಳು ಬಾಕ್ಸ್‌ನಲ್ಲಿ ಸುಮಾರು 770 ಹರ್ಟ್ಸ್‌ಗಿಂತ ಕೆಳಗಿನ ದನಿ ಬಾಕ್ಸ್‌ನ ಸುತ್ತಿಕೊಂಡು ಹಿಂದಕ್ಕೂ ಹೋಗ್ಬಿಡುತ್ತೆ, ಮುಂದೆ ಕೂತೋರಿಗೆ ಆ ಭಾಗ ತೆಳ್ಳಗೆ ಕೇಳುತ್ತೆ, ಈ ನಷ್ಟ ಜಾಸ್ತಿ ಅಂದ್ರೆ 6 ಡೆಸಿಬೆಲ್. ಈ ವೈರಿಂಗ್‌ನಲ್ಲಿ ನಾಲ್ಕು ಸ್ಪೀಕರ್ ಸೇರಿ ಓಡೋ ಭಾಗ, ಎರಡೇ ಓಡೋ ಭಾಗಕ್ಕಿಂತ ಹೆಚ್ಚೂಕಮ್ಮಿ ಅದೇ 6 ಡೆಸಿಬೆಲ್ ಜೋರು. ಒಂದರ ಕೊರತೇನ ಇನ್ನೊಂದು ತುಂಬುತ್ತೆ. ಒಂದೇ ಕಾಯಿಲ್‌ನಿಂದ 3-4 ಕಿಲೋಹರ್ಟ್ಸ್‌ನ ಗಟ್ಟಿತನವೂ ಇಳೀತು, ಗಂಡು ಗಂಟಲಿಗೆ ಮೈ ಕೂಡ ಬಂತು. ಕಾಯಿಲ್ ದಪ್ಪ ತಂತೀದು ತಗೊಳ್ಳಿ, ನಂದು ಅರ್ಧ ಓಮ್ ಬರುತ್ತೆ. ಎಲ್ಲಾ ಸೇರಿಸಿದ್ಮೇಲೆ ಮೀಟರ್ 6.7 ತೋರಿಸ್ತು, ಸರಿ ಇದೆ.

ಟ್ವೀಟರ್, ಅಂದ್ರೆ ತೀರಾ ಮೇಲಿನ ದನಿಗೆ ಹಾಕೋ ಪುಟ್ಟ ಸ್ಪೀಕರ್, ಬೇಕಾ ಅಂದ್ರೆ, ವಾರ್ತೆ ಕಾಮೆಂಟರಿಗೆ ಬೇಡ, ತಂಬೂರಿ ಝೇಂಕಾರಕ್ಕೆ, ತಾಳದ ಹೊಳಪಿಗೆ ಬೇಕು. 1 ಇಂಚಿನ ರೇಷ್ಮೆ ಡೋಮ್ ಟ್ವೀಟರ್ ಒಂದೊಂದು ಹಾಕಿದೆ. ಬಾಕ್ಸ್ ಒಳಗೆ ಜಾಗ ಇಲ್ಲ, ಹಂಗಾಗಿ ಒಂದು ಮರದ ಪಟ್ಟಿಗೆ ಕೂರಿಸಿ ಕಾಲಂನ ಪಕ್ಕ, ನಡುಮಟ್ಟಕ್ಕೆ, ಎರಡೂ ಒಳಮುಖವಾಗಿ ಬರೋ ಹಾಗೆ ಸ್ಕ್ರೂ ಮಾಡಿದೆ. ಕೆಳಗಿನ ದನಿ ಟ್ವೀಟರ್‌ಗೆ ಹೋಗದ ಹಾಗೆ ತಡೆಯೋಕೆ ಮೊದಲು 4.7 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ ಕೇಳಿದೆ, 8 ಓಮ್‌ಗೆ ಅದು 4.2 ಕಿಲೋಹರ್ಟ್ಸ್‌ನಿಂದ ಶುರು, ಸ, ಶ, ಛ ಬಂದಾಗೆಲ್ಲ ಚುಚ್ತಿತ್ತು, ಯಾಕಂದ್ರೆ ಅಲ್ಲಿ ಪೇಪರ್ ಕೋನ್ ಇನ್ನೂ ಚೆನ್ನಾಗೇ ಓಡ್ತಾ ಇರುತ್ತೆ, ಎರಡೂ ಒಂದರ ಮೇಲೊಂದು ಬೀಳ್ತವೆ. 2.2 ಮೈಕ್ರೋಫ್ಯಾರಡ್‌ಗೆ ಇಳಿಸಿದೆ, ಅಂದ್ರೆ 9 ಕಿಲೋಹರ್ಟ್ಸ್, ಕೋನ್ ಕೈಬಿಡೋ ಕಡೆ ಟ್ವೀಟರ್ ಹಿಡ್ಕೊಳ್ಳುತ್ತೆ. ಅದರ ಹಿಂದೆ 2.2 ಓಮ್ ಸೀರೀಸ್, 22 ಓಮ್ ಪ್ಯಾರಲಲ್ ರೆಸಿಸ್ಟರ್ ಹಾಕಿ ಸುಮಾರು 3 ಡೆಸಿಬೆಲ್ ತಗ್ಗಿಸಿದೆ. ಕೆಪ್ಯಾಸಿಟರ್ ಪ್ಲಸ್ ಮೈನಸ್ ಇಲ್ಲದ ಫಿಲ್ಮ್ ಟೈಪೇ ಆಗ್ಬೇಕು.

ಬಾಕ್ಸ್ ಕೆಲಸ ಬೇಗ ಹೇಳ್ಬಿಡ್ತೀನಿ. ಹಿಂದಿನ ಹಲಗೆ ತಟ್ಟಿದ್ರೆ ಡಬ್ಬ ಸದ್ದು, ಒಳಗೆ ಎರಡು ಕಡೆ ಅಡ್ಡ ರೀಪರ್ ಕೊಟ್ಟು ಫೆವಿಕಾಲ್ ಹಾಕಿ ಬಿಗಿದೆ. ದಿಂಬಿಗೆ ತುಂಬೋ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ತುಂಬಿದೆ. ನಾಬ್ ತೆಗೆದ ತೂತಿಗೆ ಪ್ಲೈ ತುಂಡು, ಹಲಗೆ ಸುತ್ತ ಬಾಗಿಲಿಗೆ ಹಾಕೋ ಫೋಮ್ ಟೇಪ್. ಗಾಳಿ ಸೋರ್ಬಾರ್ದು ಅಷ್ಟೇ. ಮುಂದಿನ ಬಟ್ಟೆ ಹೊಸದು.

ಈಗ ಬೇಸ್. 4 ಇಂಚಿನ ಈ ಕೋನ್‌ಗಳು 150 ಹರ್ಟ್ಸ್ ಕೆಳಗೆ ಹೋಗಲ್ಲ, ಬಲವಂತ ಮಾಡಿದ್ರೆ ಕೋನ್ ಕುಣಿದು ನಡುವಿನ ದನೀನೂ ಹಾಳು ಮಾಡ್ತವೆ. ಆದ್ರಿಂದ ಬೇಸ್ ಅವುಗಳ ಹತ್ರಾನೇ ಬರದ ಹಾಗೆ ತಡೀಬೇಕು. ಆಂಪ್ಲಿಫೈಯರ್ ಇನ್‌ಪುಟ್‌ಗೆ ಬರೋ ಸಿಗ್ನಲ್ ವೈರ್‌ನಲ್ಲಿ ಸೀರೀಸ್‌ಗೆ ಒಂದು ಪುಟ್ಟ ಕೆಪ್ಯಾಸಿಟರ್ ಹಾಕಿದ್ರೆ ಸಾಕು. ಇನ್‌ಪುಟ್ 47 ಕಿಲೋಓಮ್ ಇದ್ರೆ 0.022 ಮೈಕ್ರೋಫ್ಯಾರಡ್, 22 ಕಿಲೋಓಮ್ ಇದ್ರೆ 0.047, ಎರಡಕ್ಕೂ 154 ಹರ್ಟ್ಸ್ ಬರುತ್ತೆ. ಸಣ್ಣ ಡಬ್ಬಿ ಒಳಗೆ ಆರ್‌ಸಿಎ ಸಾಕೆಟ್ ಹಾಕಿ ಎರಡು ಚಾನೆಲ್‌ಗೂ ಮಾಡಿಟ್ಟೆ, ಕೆಪ್ಯಾಸಿಟರ್‌ಗೆ ಮುಂಚೆಯೇ ಕವಲು ತೆಗೆದು ಒಳಗೇ ಆಂಪ್ಲಿಫೈಯರ್ ಇರೋ 8 ಇಂಚಿನ ಸಬ್‌ವೂಫರ್‌ಗೆ, ಅಂದ್ರೆ ಬರೀ ಬೇಸ್‌ಗೆ ಇರೋ ಬಾಕ್ಸ್‌ಗೆ, ಕೊಟ್ಟೆ. ವಾಲ್ಯೂಮ್ ಮಾತ್ರ ಹಾಡು ಬರೋ ಕಡೆ, ಅಂದ್ರೆ ಲ್ಯಾಪ್‌ಟಾಪ್‌ನಲ್ಲೇ ಮಾಡ್ಬೇಕು, ಆಗ ಎರಡೂ ಒಟ್ಟಿಗೆ ಏರುತ್ತೆ ಇಳಿಯುತ್ತೆ.

ಸಬ್‌ವೂಫರ್‌ನ ಮೂಲೆಗೆ ತಳ್ಳೋ ಅಭ್ಯಾಸ ಇಲ್ಲಿ ನಡೆಯಲ್ಲ. ಗಂಡಸರ ಶ್ರುತಿ ಒಂದು ಮನೆ, ಅಂದ್ರೆ ಹಾರ್ಮೋನಿಯಂನ ಸಿ ಸ್ವರ ಅಂತ ಇಟ್ಕೊಳ್ಳಿ, ಆಧಾರ ಷಡ್ಜವೇ ಸುಮಾರು 131 ಹರ್ಟ್ಸ್, ಮಂದ್ರ ಪಂಚಮಕ್ಕೆ ಇಳಿದ್ರೆ 98. ಅಂದ್ರೆ ಹಾಡೋರ ದನಿಯ ಬುಡವೇ ಸಬ್‌ವೂಫರ್‌ನಿಂದ ಬರೋದು. ಅದು ಮೂಲೇಲಿ ಇದ್ರೆ ಮಂದ್ರಕ್ಕೆ ಇಳಿದಾಗೆಲ್ಲ ಗಾಯಕರು ಎದ್ದು ಮೂಲೆಗೆ ಹೋದ ಹಾಗೆ ಕೇಳುತ್ತೆ. ಎರಡು ಕಾಲಂ ನಡುವೆಯೇ ಇಡಿ. ಅದರ ಲೆವೆಲ್ ಹೊಂದಿಸೋಕೆ ಮೃದಂಗಕ್ಕಿಂತ ಒಳ್ಳೇ ಸಾಧನ ಇಲ್ಲ, ಬಲಗಡೆಯ ನಾದ ಕಾಲಂನಿಂದ, ಎಡಗಡೆಯ ಗುಂಕಿ ಸಬ್‌ವೂಫರ್‌ನಿಂದ, ಎರಡೂ ಒಂದೇ ವಾದ್ಯದ್ದು ಅಂತ ಕಿವಿಗೆ ಅನ್ನಿಸೋವರೆಗೆ ನಾಬ್ ತಿರುಗಿಸ್ತಾ ಬನ್ನಿ. ಸಬ್‌ವೂಫರ್‌ನ ಪ್ಲಸ್ ಮೈನಸ್ ಉಲ್ಟಾ ಮಾಡೋ ಫೇಸ್ ಸ್ವಿಚ್ ಎರಡೂ ಕಡೆ ಹಾಕಿ ನೋಡಿ, ಯಾವುದರಲ್ಲಿ ಆ ಜಾಗ ತುಂಬಿ ಬರುತ್ತೋ ಅದೇ ಸರಿ.

ಕಾಲಂನ ಸ್ಟ್ಯಾಂಡ್ ಆಚಾರಿ ಹತ್ರ ಮಾಡಿಸಿದ್ದು, ನಡುಭಾಗ ಸೋಫಾದಲ್ಲಿ ಕೂತೋರ ಕಿವಿ ಮಟ್ಟಕ್ಕೆ, ನಮ್ಮನೇಲಿ 95 ಸೆಂಟಿಮೀಟರ್. ಈ ಅಳತೇಲಿ ಮಾತ್ರ ರಾಜಿ ಬೇಡ. ಅಡ್ಡ ಮಲಗಿಸಿ ಟಿವಿ ಕೆಳಗೆ ಇಡ್ತೀನಿ ಅಂದ್ರೆ ಕಾಲಂನ ಗುಣವೆಲ್ಲ ತಿರುಗುಮುರುಗು ಆಗುತ್ತೆ, ದನಿ ಮೇಲೆ ಕೆಳಗೆ ಹರಡಿ ಪಕ್ಕದಲ್ಲಿ ಕೂತೋರಿಗೆ ಇಲ್ಲ.

ಯಕ್ಷಗಾನ ಭಾಗವತರ ಏರು ಪದ ಇದ್ರಲ್ಲಿ ಕೇಳ್ಬೇಕು ನೀವು. ಚೆಂಡೆ ಹೊಡೆತದ ನಡುವೆಯೂ ಸಾಹಿತ್ಯದ ಒಂದೊಂದು ಅಕ್ಷರ ಬಿಡಿಸಿ ಸಿಗುತ್ತೆ. ಹಳೇ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಹಾಕ್ಕೊಂಡಿರೋ ಹರಿಕಥೆ, ಆಕಾಶವಾಣಿಯಿಂದ ಹಿಡಿದಿಟ್ಟ ಕಛೇರಿ, ಇವಕ್ಕೆಲ್ಲ ಹೊಸ ಜೀವ ಬಂದಿದೆ. ಜೋರು ಬೀಟ್‌ನ ಡಿಜೆ ಹಾಡಿಗೆ ಇದು ಬೇಡ, ಅದಕ್ಕೆ ಬೇರೆ ದೊಡ್ಡ ಬಾಕ್ಸ್‌ಗಳಿವೆ. ಕಹಳೆ ಥರದ ಹಾರನ್ ಹಿಂಗೇ ಮಾಡ್ಬೋದಾ ಅಂತಾನೂ ಕೇಳ್ತಾರೆ, ಅದು ಬೇಡ, ಅದರ ಕೊಂಬು ಇರೋದೇ ಮಾತಿನ ನಡುಭಾಗಾನ ದೂರ ಎಸೆಯೋಕೆ, ಮೇಲೂ ಇಲ್ಲ ಕೆಳಗೂ ಇಲ್ಲ.

ಆಂಪ್ಲಿಫೈಯರ್ ಹೊಸದಾಗಿ ತಗೊಳ್ಳೋರು ಟಿಪಿಎ3116 ಅನ್ನೋ ಚಿಪ್ ಇರೋ ಪುಟ್ಟ ಆಂಪ್ಲಿಫೈಯರ್ ಬೋರ್ಡ್ ಹಾಕಿದ್ರೂ ಆಗುತ್ತೆ, ಮನೇಲಿ ಒಂದೆರಡು ವಾಟ್ ದಾಟೋದೇ ಅಪರೂಪ. ಅಂಥ ಬೋರ್ಡ್‌ನಲ್ಲಿ ಸ್ಪೀಕರ್ ಮೈನಸ್ ಗ್ರೌಂಡ್ ಅಲ್ಲ, ಎರಡು ಚಾನೆಲ್‌ನ ಮೈನಸ್ ಸೇರಿಸ್ಬೇಡಿ, ಬೋರ್ಡ್ ಸುಟ್ಟೋಗುತ್ತೆ.

ಇನ್ನು ಕೊನೇದು, ಇದನ್ನ ದಯವಿಟ್ಟು ಎಲ್ಲರೂ ಮಾಡಿ. ಬಿಚ್ಚಿದ ಟ್ರಾನ್ಸ್‌ಫಾರ್ಮರ್ ಮತ್ತು ನಾಬ್ ಒಂದು ಕವರ್‌ನಲ್ಲಿ ಹಾಕಿ, ಯಾವ ಬಣ್ಣದ ವೈರ್ ಎಲ್ಲಿಗೆ ಅಂತ ಚೀಟಿ ಬರೆದು ಇಟ್ಕೊಳ್ಳಿ. ಬಾಕ್ಸ್ ಹಿಂದೆ ಪೇಂಟ್‌ನಲ್ಲಿ ದೊಡ್ಡದಾಗಿ "8 ಓಮ್, 100 ವೋಲ್ಟ್ ಲೈನ್‌ಗೆ ಹಾಕಬೇಡಿ" ಅಂತ ಬರೀರಿ. ಯಾಕಂದ್ರೆ ಮುಂದೆ ಯಾರೋ ಗಣೇಶನ ಹಬ್ಬಕ್ಕೆ ಅಂತ ಕೇಳಿ ತಗೊಂಡೋಗಿ ಮಾಮೂಲಿ ಕಾಲಂ ಅಂತ ಲೈನ್‌ಗೆ ಸಿಕ್ಕಿಸಿದ್ರೆ, 10,000 ಭಾಗಿಸು 8, ಲೆಕ್ಕಕ್ಕೆ 1250 ವಾಟ್, ಸ್ಪೀಕರ್ ಸುಟ್ಟು ಆಂಪ್ಲಿಫೈಯರ್‌ನೂ ಜೊತೆಗೆ ಎಳ್ಕೊಂಡು ಹೋಗುತ್ತೆ.